ರಜಾ, ರೊಜೊ

2016ರ ಜೂನ್ ತಿಂಗಳ ಎರಡನೆಯ ವಾರ. ಪೀಣ್ಯದ ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಯ ಏಳನೆಯ ಲೈನಿನಲ್ಲಿ, ಮಧ್ಯಾಹ್ನದ ಊಟ ಮುಗಿದ ಸ್ವಲ್ಪ ಹೊತ್ತಿಗೆ, ಕಾಲರ್ ಕೂರಿಸುವ ಮಷೀನು ನಿಂತಿತು. ಕಾಲರ್ ನಿಂತರೆ ಹಿಂದಿನವರು ಹೊಲಿದ ಬಂಡಲುಗಳು ಅಲ್ಲೇ ಗುಡ್ಡೆ ಬೀಳುತ್ತವೆ, ಮುಂದಿನವರ ಕೈ ಖಾಲಿಯಾಗುತ್ತದೆ. ಹತ್ತು ನಿಮಿಷದೊಳಗೆ ಇಡೀ ಲೈನು ತಲೆಯೆತ್ತಿ ಒಂದೇ ಕಡೆ ನೋಡತೊಡಗುತ್ತದೆ. ಹೆಲ್ಪರ್ ಹುಡುಗಿಯೊಬ್ಬಳು ಮೆಟ್ಟಿಲು ಹತ್ತಿ ಓಡಿ ಬಂದು, "ಮೇಡಂ, ಏಳ್ನೇ ಲೈನಲ್ಲಿ ಗಲಾಟೆ, ಬೇಗ ಬನ್ನಿ" ಎಂದಳು.

ನಾನು ಆ ಫ್ಯಾಕ್ಟರಿಯ ವೆಲ್‌ಫೇರ್ ಆಫೀಸರ್. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಅಂಥ ಒಬ್ಬರು ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ಆಗ ಹೇಳುತ್ತಿತ್ತು. ಕ್ಯಾಂಟೀನಿನ ಸಾರಿಗೆ ಉಪ್ಪು ಹೆಚ್ಚಾದರೂ, ಕೂಸುಮನೆಯ ಆಯಾ ಬರದಿದ್ದರೂ, ಯಾರಾದರೂ ತಲೆಸುತ್ತಿ ಬಿದ್ದರೂ ನನ್ನ ಕೋಣೆಯ ಕಡೆಗೇ ಓಡಿ ಬರುತ್ತಿದ್ದರು.

ಲೈನಿನ ಸೂಪರ್‌ವೈಸರ್ ನಾಗಮಂಗಲದ ಕಡೆಯವರು. ಹೆಲ್ಪರ್ ಆಗಿ ಸೇರಿ, ಹನ್ನೆರಡು ವರ್ಷ ದುಡಿದು ಆ ಜಾಗಕ್ಕೆ ಬಂದವರು. ಮುಖ ಕೆಂಪಾಗಿತ್ತು. "ನೋಡಿ ಮೇಡಂ, ನನ್ನೇ ಆಡ್ಕೊಂತಾವ್ಳೆ. ಯಾಕಮ್ಮಿ ರಜಾ ಅಂದ್ರೆ ರಜಾ ಅಂತಾಳೆ. ಎಲ್ಡನೇ ಸಲ ಕೇಳುದ್ರೂ ಅದೇ. ಮ್ಯಾಲೆ ನಗಾಡ್ತಾಳೆ."

ಹುಡುಗಿ ಒಡಿಶಾದ ಕೇಂದ್ರಾಪಾಡ ಜಿಲ್ಲೆಯವಳು. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಬಂದು ಆರು ತಿಂಗಳಾಗಿತ್ತು. ಅವಳ ತುಟಿಯಲ್ಲಿ ನಗುವಿನಂಥದ್ದೇನೋ ಇದ್ದದ್ದು ನಿಜ. ಆದರೆ ಅದು ಹೆದರಿದವರ ಮುಖದಲ್ಲಿ ತಾನಾಗಿ ಮೂಡುವ ನಗು ಎಂದು ಆ ಕ್ಷಣಕ್ಕೆ ನನಗೂ ಹೊಳೆಯಲಿಲ್ಲ. ಸೂಪರ್‌ವೈಸರ್ ಬಂಡಲನ್ನು ಟೇಬಲ್ಲಿಗೆ ಬಿಸಾಕಿ, "ಹೋಗೇ ಆಚೆ" ಎಂದಿದ್ದರು. ಅವಳು ಮಷೀನು ಆರಿಸಿ ಎದ್ದು ನಿಂತಿದ್ದಳು. ಪಕ್ಕದ ಲೈನಿನಿಂದ ಯಾರೋ, "ಈ ಹಿಂದಿಯೋರ್ಗೆ ಕೊಬ್ಬು" ಎಂದದ್ದು ಎಲ್ಲರಿಗೂ ಕೇಳಿಸಿತು.

ಶಿಪ್‌ಮೆಂಟ್ ತಲೆಯ ಮೇಲಿತ್ತು. ಮಷೀನು ಮತ್ತೆ ಓಡಬೇಕಿತ್ತು. ನಾನು ಹುಡುಗಿಯನ್ನು ನನ್ನ ಕೋಣೆಗೆ ಕರೆದುಕೊಂಡು ಹೋಗಿ, ನನಗೆ ಬರುವ ಹರಕು ಹಿಂದಿಯಲ್ಲಿ ಎರಡು ಮಾತು ಕೇಳಿದೆ. ಅವಳಿಗೂ ಬರುತ್ತಿದ್ದದ್ದು ಹರಕು ಹಿಂದಿಯೇ. ಕೊನೆಗೆ ಒಂದು ಕ್ಷಮಾಪಣೆ ಪತ್ರ ಬರೆದೆ. 'ಮೇಲಧಿಕಾರಿಗಳೊಂದಿಗೆ ಅಗೌರವದಿಂದ ನಡೆದುಕೊಂಡಿರುತ್ತೇನೆ, ಇನ್ನು ಮುಂದೆ ಹೀಗಾಗದಂತೆ ನಡೆದುಕೊಳ್ಳುತ್ತೇನೆ.' ಬರೆದದ್ದು ಕನ್ನಡದಲ್ಲಿ. ಅವಳು ಅದರ ಕೆಳಗೆ ಒಡಿಯಾ ಅಕ್ಷರದಲ್ಲಿ ಸಹಿ ಹಾಕಿದಳು. ಮೇಲೆ ಏನಿದೆ ಎಂದು ಅವಳಿಗೆ ಓದಲು ಬಾರದು, ಕೆಳಗೆ ಏನಿದೆ ಎಂದು ನನಗೆ ಓದಲು ಬಾರದು. ಆ ಹಾಳೆಗೆ ರಂಧ್ರ ಹೊಡೆದು ಅವಳ ಫೈಲಿನಲ್ಲಿ ಸೇರಿಸಿದೆ. ಅರ್ಧ ಗಂಟೆಯಲ್ಲಿ ಕಾಲರ್ ಮಷೀನು ಓಡತೊಡಗಿತು. ಪ್ರೊಡಕ್ಷನ್ ಮ್ಯಾನೇಜರ್ ಫೋನು ಮಾಡಿ ಥ್ಯಾಂಕ್ಸ್ ಹೇಳಿದರು.

ಆ ರಾತ್ರಿ ಅವಳಿದ್ದ ಹಾಸ್ಟೆಲಿನಲ್ಲಿ ನಲವತ್ತು ಹುಡುಗಿಯರು ಊಟ ಮಾಡಲಿಲ್ಲ ಎಂದು ವಾರ್ಡನ್ ಮರುದಿನ ಹೇಳಿದರು. ತಿಂಗಳು ಮುಗಿಯುವ ಮೊದಲೇ ಆ ಹುಡುಗಿ ಊರಿಗೆ ಹೋದಳು. ಮತ್ತೆ ಬರಲಿಲ್ಲ.

ಅವಳು ಹೋದ ಮೇಲೆ ಒಂದು ಸಂಜೆ ಹಾಸ್ಟೆಲಿಗೆ ಹೋಗಿ, ಸ್ವಲ್ಪ ಚೆನ್ನಾಗಿ ಹಿಂದಿ ಬಲ್ಲ ಇನ್ನೊಬ್ಬಳ ಪಕ್ಕ ಕೂತು ಕೇಳಿದೆ. "ಅವಳು ಹೇಳಿದ್ದು ರಜಾ ಅಲ್ಲ ಮೇಡಂ, ರೊಜೊ" ಎಂದಳು. ಬರೆಯುವಾಗ 'ರಜ', ಉಚ್ಚರಿಸುವಾಗ 'ರೊಜೊ'. ಒಡಿಶಾದ ಕರಾವಳಿ ಜಿಲ್ಲೆಗಳಲ್ಲಿ ಜೂನ್ ನಡುವೆ, ಮಿಥುನ ಸಂಕ್ರಮಣದ ಸುತ್ತ ಮೂರು ದಿನ ನಡೆಯುವ ಹಬ್ಬ. ಮಳೆಗಾಲಕ್ಕೆ ಮುನ್ನ ಭೂಮಿತಾಯಿ ಮುಟ್ಟಾಗಿ ವಿಶ್ರಾಂತಿ ಪಡೆಯುತ್ತಾಳೆ ಎಂಬ ನಂಬಿಕೆ. ಆ ಮೂರು ದಿನ ನೆಲ ಉಳುವಂತಿಲ್ಲ, ಅಗೆಯುವಂತಿಲ್ಲ. ಹೆಣ್ಣುಮಕ್ಕಳಿಗೆ ಮನೆಗೆಲಸದಿಂದ ಬಿಡುವು. ಹೊಸ ಬಟ್ಟೆ ಉಟ್ಟು, ಕಾಲಿಗೆ ಅಲತಾ ಬಣ್ಣ ಹಚ್ಚಿಕೊಂಡು, ಮರಕ್ಕೆ ಕಟ್ಟಿದ ಉಯ್ಯಾಲೆಯಲ್ಲಿ ಜೀಕುವುದು, ಅಕ್ಕಿ ಉದ್ದು ಬೆಲ್ಲ ಕಾಯಿ ಹಾಕಿ ಕೆಂಡದಲ್ಲಿ ನಿಧಾನವಾಗಿ ಬೇಯಿಸಿದ ಪೋಡ ಪಿಠಾ ತಿನ್ನುವುದು. ನಾಲ್ಕನೆಯ ದಿನ ಅರೆಯುವ ಕಲ್ಲನ್ನೇ ಭೂಮಿತಾಯಿ ಎಂದು ಭಾವಿಸಿ ಅರಿಸಿನ ಹಚ್ಚಿ ಸ್ನಾನ ಮಾಡಿಸುತ್ತಾರೆ.

"ಯಾಕೆ ರಜಾ?" ಎಂದು ಅವರು ಕೇಳಿದ್ದರು. "ರೊಜೊ" ಎಂದು ಅವಳು ಸರಿಯಾಗಿಯೇ ಉತ್ತರ ಕೊಟ್ಟಿದ್ದಳು.

ನನಗೆ ಇನ್ನೊಂದು ಕಾರಣಕ್ಕೂ ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಪುತ್ತೂರು ಕಡೆಯವಳು, ಮನೆಮಾತು ತುಳು. ನಮ್ಮಲ್ಲಿ ಕೆಡ್ಡಸ ಎಂಬ ಆಚರಣೆಯಿದೆ. ಪೊನ್ನಿ ತಿಂಗಳ ಕೊನೆಗೆ, ಫೆಬ್ರವರಿಯ ಹೊತ್ತಿಗೆ ಮೂರು ದಿನ. ಭೂಮಿದೇವಿ ಋತುಮತಿಯಾಗುವ ದಿನಗಳೆಂದು ಯಾರೂ ನೆಲಕ್ಕೆ ಹಾರೆ ಹಾಕುವುದಿಲ್ಲ. ಹುರಿದ ಅಕ್ಕಿಗೆ ಬೆಲ್ಲ, ತೆಂಗಿನಕಾಯಿ ಬೆರೆಸಿ ಅಮ್ಮ ನಮಗೆ ಕೊಡುತ್ತಿದ್ದರು. ಕಡೆಯ ದಿನ ಅಂಗಳದ ಮಣ್ಣಿಗೆ ಎಣ್ಣೆ ಬಿಡುತ್ತಿದ್ದರು. ಆ ಎಣ್ಣೆ ಇಂಗಿದ ಜಾಗ ಸ್ವಲ್ಪ ಹೊತ್ತು ಕಪ್ಪಗೆ ಹೊಳೆಯುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಇಡೀ ಫ್ಲೋರಿನಲ್ಲಿ ಆ ಹುಡುಗಿಯ ಮಾತು ವಿವರಣೆಯಿಲ್ಲದೆ ಅರ್ಥವಾಗಬಹುದಾಗಿದ್ದ ಒಬ್ಬಳು ಇದ್ದರೆ ಅದು ನಾನೇ. ಆ ನಾನೇ ಪತ್ರಕ್ಕೆ ಸಹಿ ಹಾಕಿಸಿಕೊಂಡೆ.

ಈ ಫ್ಯಾಕ್ಟರಿಗೆ ನಾನು ಸೇರಿದ್ದು 2004ರಲ್ಲಿ, ಮಂಗಳೂರಿನಲ್ಲಿ ಎಂಎಸ್‌ಡಬ್ಲ್ಯು ಮುಗಿಸಿ. ಆಗ ಇದ್ದವರಲ್ಲಿ ಬಹುಪಾಲು ಮಂಡ್ಯ, ರಾಮನಗರ, ತುಮಕೂರು, ಕುಣಿಗಲ್ ಕಡೆಯ ಹೆಂಗಸರು. ನನಗೆ ಅವರ ಮಾತೇ ಮೊದಲು ಪೆಟ್ಟುಕೊಟ್ಟಿತ್ತು. ನಮ್ಮ ಕಡೆ ಅಪರಿಚಿತರನ್ನು ಬಹುವಚನದಲ್ಲೇ ಮಾತಾಡಿಸುತ್ತೇವೆ. ಇಲ್ಲಿ ಎರಡನೆಯ ದಿನವೇ ಒಬ್ಬ ಹಿರಿಯ ಟೈಲರ್ ಹೆಗಲಿಗೆ ಕೈಹಾಕಿ, "ಊಟ ಆಯ್ತೇನವ್ವ ನಿಂದು?" ಎಂದರು. ಅದು ಅಕ್ಕರೆ ಎಂದು ತಿಳಿಯಲು ನನಗೆ ತಿಂಗಳುಗಳೇ ಬೇಕಾದವು. ಅವರಿಗೋ ನನ್ನ 'ಹೇಳಿ, ಕೂತುಕೊಳ್ಳಿ, ಎಂತ ಆಯ್ತು' ಎಲ್ಲ ದೂರ ಇಡುವ ಮಾತಾಗಿ ಕೇಳುತ್ತಿತ್ತಂತೆ. ಒಂದೇ ಕನ್ನಡದೊಳಗೆ ಇಷ್ಟಿತ್ತು.

ಆಮೇಲೆ ಅಸ್ಸಾಮಿನವರು ಬಂದರು, ಜಾರ್ಖಂಡಿನವರು ಬಂದರು. 2014ರಲ್ಲಿ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಶುರುವಾದ ಮೇಲೆ ಒಡಿಶಾದ ಹುಡುಗಿಯರು ಬಸ್ಸು ತುಂಬ ಬರತೊಡಗಿದರು. ಊರಿನ ಹತ್ತಿರದ ಕೇಂದ್ರದಲ್ಲಿ ಕೆಲವು ತಿಂಗಳು ಹೊಲಿಗೆ ಕಲಿತು, ರೈಲು ಹತ್ತಿ, ನೇರವಾಗಿ ಹಾಸ್ಟೆಲಿಗೆ. ಹೊಲಿಗೆ ಕಲಿಸಿದ್ದರು. ಬೆಂಗಳೂರಿನ ಲೈನಿನಲ್ಲಿ ಕೂತವರು ಯಾರು, ಅವರು ಹೇಗೆ ಮಾತಾಡುತ್ತಾರೆ ಎಂಬುದನ್ನು ಯಾರೂ ಕಲಿಸಿರಲಿಲ್ಲ. ಇಲ್ಲಿದ್ದವರಿಗೆ ಬರುವವರ ಬಗ್ಗೆ ಹೇಳುವ ಕೆಲಸ ನನ್ನದಾಗಿತ್ತು. ನಾನೂ ಹೇಳಿರಲಿಲ್ಲ.

ಅದಕ್ಕೂ ಮೊದಲೇ ಒಂದು ಎಚ್ಚರಿಕೆ ಸಿಕ್ಕಿತ್ತು. 2012ರ ಆಗಸ್ಟ್ 15, ಬುಧವಾರ. ಸಂಜೆಯಿಂದ ಈಶಾನ್ಯ ರಾಜ್ಯಗಳ ಜನ ಸಾವಿರಗಟ್ಟಲೆ ಬೆಂಗಳೂರು ಸಿಟಿ ರೈಲು ನಿಲ್ದಾಣಕ್ಕೆ ನುಗ್ಗಿದರು. ರಂಜಾನ್ ಮುಗಿದ ಮೇಲೆ ದಾಳಿಯಾಗುತ್ತದೆಂಬ ಸುಳ್ಳು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಡಿತ್ತು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಟ್ಟರು. ಒಟ್ಟೊಟ್ಟಿಗೆ ಎಸ್‌ಎಂಎಸ್ ಕಳಿಸುವುದಕ್ಕೆ ಕೇಂದ್ರ ಸರ್ಕಾರ ಕಡಿವಾಣ ಹಾಕಿತು. ನಮ್ಮ ಫ್ಯಾಕ್ಟರಿಯ ಅಸ್ಸಾಮಿನ ಹುಡುಗಿಯರು ಮರುದಿನ ಬೆಳಿಗ್ಗೆ ಇರಲಿಲ್ಲ. ನಾನು ನಿಲ್ದಾಣಕ್ಕೆ ಹೋದೆ. ಆ ಜನಸಾಗರದಲ್ಲಿ ನಮ್ಮವರಿಬ್ಬರು ಸಿಕ್ಕರು. "ನನಗೊಂದು ಫೋನು ಮಾಡಬಹುದಿತ್ತಲ್ಲ?" ಎಂದೆ. ಒಬ್ಬಳು ಏನೂ ಹೇಳಲಿಲ್ಲ. ಇನ್ನೊಬ್ಬಳು, "ನಿಮ್ಮ ನಂಬರ್ ನನ್ನ ಹತ್ತಿರ ಇಲ್ಲ ಮೇಡಂ" ಎಂದಳು. ಎರಡು ವರ್ಷ ನನ್ನ ಕೋಣೆಯ ಮುಂದೆ ಓಡಾಡಿದವಳು.

ಸುಮ್ಮನಿದ್ದವರು ಸುಖವಾಗಿದ್ದಾರೆ ಎಂದು ನಾವು ಎಣಿಸಿದ್ದೆವು. ನಮ್ಮ ಮಂಡ್ಯದ ಹೆಂಗಸರು ಕೂಗಾಡುತ್ತಾರೆ, ಹತ್ತು ಜನರ ಎದುರು ಸೂಪರ್‌ವೈಸರಿಗೆ ಜಾಡಿಸುತ್ತಾರೆ, ಟೀ ಹೊತ್ತಿಗೆ ಅದೇ ಸೂಪರ್‌ವೈಸರ್ ಜೊತೆ ಮಗಳ ಮದುವೆಯ ಮಾತು ಆಡುತ್ತಾರೆ. ಅವರ ಜಗಳ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ, ಆದ್ದರಿಂದ ಮುಗಿಯುತ್ತದೆ. ಹೊರಗಿನಿಂದ ಬಂದ ಹುಡುಗಿಯರು ದೂರು ಹೇಳುತ್ತಿರಲಿಲ್ಲ. ಪೆಟ್ಟಿಗೆ ಕಟ್ಟುತ್ತಿದ್ದರು. ಅದು ಅವರ ಸ್ವಭಾವ ಎಂದು ನಾವು ಮಾತಾಡಿಕೊಂಡೆವು. ಭಾಷೆ ಬಾರದ ಊರಿನಲ್ಲಿ, ಹಾಸ್ಟೆಲಿನ ಬೀಗದ ಕೈ ಬೇರೆಯವರ ಬಳಿ ಇರುವಾಗ, ನಮ್ಮ ಮಂಡ್ಯದ ಹೆಂಗಸರು ಎಷ್ಟು ಜೋರು ಮಾತಾಡುತ್ತಿದ್ದರು ಎಂದು ನಾವು ಕೇಳಿಕೊಳ್ಳಲಿಲ್ಲ.

ತರಬೇತಿ ಎಂಬುದು ನಮ್ಮಲ್ಲಿ ಅದುವರೆಗೆ ನಡೆದಿರಲಿಲ್ಲವೆಂದಲ್ಲ. ಬೈಯರ್ ಕಡೆಯ ಆಡಿಟ್ ಬರುವ ಮುನ್ನ ಹೊರಗಿನಿಂದ ಒಬ್ಬರನ್ನು ಕರೆಸಿ ಸೂಪರ್‌ವೈಸರುಗಳಿಗೆ ಒಂದು ದಿನದ ಕಾರ್ಯಾಗಾರ ಮಾಡಿಸಿದ್ದೆವು. ತೆರೆಯ ಮೇಲೆ ಚೌಕ ಬರೆದು, ಜಗಳವನ್ನು ಎದುರಿಸುವ ಐದು ಬಗೆ ತೋರಿಸಿದರು: ಪಟ್ಟು ಹಿಡಿಯುವುದು, ಬಿಟ್ಟುಕೊಡುವುದು, ತಪ್ಪಿಸಿಕೊಳ್ಳುವುದು, ಅರ್ಧಕ್ಕೆ ಒಪ್ಪುವುದು, ಜೊತೆಗೂಡಿ ದಾರಿ ಹುಡುಕುವುದು. 1974ರಲ್ಲಿ ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್‌ಮನ್ ಎಂಬ ಇಬ್ಬರು ರೂಪಿಸಿದ ಪ್ರಶ್ನಾವಳಿ ಅದು. ಜಗತ್ತಿನ ಎಷ್ಟೋ ಕಚೇರಿಗಳಲ್ಲಿ ಬಳಕೆಯಲ್ಲಿದೆ, ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಗಂಟೆಗೆ ಇಷ್ಟು ಪೀಸ್ ಎಂದು ಬೋರ್ಡಿನ ಮೇಲೆ ಬರೆದುಕೊಂಡು ನಿಂತವನಿಗೆ ಐದರಲ್ಲಿ ಆರಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ. ಎಲ್ಲರೂ ಸಹಿ ಮಾಡಿ, ಫೋಟೋ ತೆಗೆಸಿಕೊಂಡು, ಕೆಳಗಿಳಿದು ಹೋಗಿ ಹಿಂದಿನಂತೆಯೇ ಕೂಗಿದರು. ಇನ್ನೊಂದು ವರ್ಷ ಎಲ್ಲ ರಾಜ್ಯಗಳ ತಿಂಡಿಯ ಮೇಳ ಮಾಡಿದೆವು. ಒಳ್ಳೆಯ ಸಂಜೆ ಅದು, ಸುಳ್ಳಲ್ಲ. ಒಡಿಶಾದ ಪಖಾಳ ನೋಡಿ ನಮ್ಮವರು, "ಅಯ್ಯೋ, ಇದು ತಂಗಳನ್ನ ಅಲ್ವೇನಮ್ಮಿ" ಎಂದು ಬಟ್ಟಲು ತುಂಬ ತಿಂದರು. ಸೋಮವಾರ ಬೆಳಿಗ್ಗೆ ಬಂಡಲಿನ ವಿಷಯಕ್ಕೆ ಹಾಗೆ ಒಟ್ಟಿಗೆ ತಿಂದವರಲ್ಲೇ ಇಬ್ಬರು ಕಿತ್ತಾಡಿದರು.

ಕೇಂದ್ರಾಪಾಡದ ಹುಡುಗಿ ಹೋದ ಮೇಲೆ ನಾನು ಒಂದು ನೋಟ್‌ಬುಕ್ ಇಟ್ಟೆ. ಯಾವ ಲೈನು, ಎಷ್ಟು ಹೊತ್ತಿಗೆ, ಯಾರು ಯಾರ ನಡುವೆ, ಮೊದಲ ಮಾತು ಏನು, ಆಗ ಕೈಲಿದ್ದ ಕೆಲಸ ಯಾವುದು. ಆರು ತಿಂಗಳು ಬರೆದೆ. ಹಿಂದಿರುಗಿ ಓದಿದಾಗ ನನ್ನ ಎಷ್ಟೋ ಎಣಿಕೆಗಳು ಬಿದ್ದುಹೋದವು. ಹೆಚ್ಚಿನ ಜಗಳಗಳು ಸಂಜೆಯ ಕೊನೆಯ ಗಂಟೆಯಲ್ಲಿ, ಟಾರ್ಗೆಟ್ ತಲುಪದ ದಿನ, ಆಲ್ಟ್ರೇಷನ್ನಿಗೆ ವಾಪಸ್ ಬಂದ ಪೀಸು ಯಾರದು ಎಂಬಲ್ಲಿ ಹುಟ್ಟಿದ್ದವು. ಹುಟ್ಟಿದ ಎರಡು ನಿಮಿಷಕ್ಕೆ 'ಹಿಂದಿಯೋರು', 'ಲೋಕಲ್‌ವಾಲೆ' ಎಂಬ ಹೆಸರು ಹತ್ತುತ್ತಿತ್ತು. ಆ ಹೆಸರು ಹತ್ತಿದ ಮೇಲೆ ಪೀಸಿನ ಮಾತು ಯಾರಿಗೂ ಬೇಡ.

ಇನ್ನು ಆ 'ಹಿಂದಿಯೋರು' ಎಂಬ ಮಾತು. ಅವರಲ್ಲಿ ಹಿಂದಿ ಮನೆಮಾತಾಗಿದ್ದವರು ಬೆರಳೆಣಿಕೆಯವರು. ಒಬ್ಬಳ ಮನೆಯಲ್ಲಿ ಒಡಿಯಾ, ಒಬ್ಬಳದು ಕುಯಿ, ಒಬ್ಬಳದು ಸಂತಾಲಿ, ಒಬ್ಬಳದು ಸಾದ್ರಿ. ನಮ್ಮವರ ಜೊತೆ ಮಾತಾಡಲು ಅವರೂ ಕಷ್ಟಪಟ್ಟು ಕಲಿತ ಭಾಷೆ ಹಿಂದಿ. ರೊಜೊ ಹಬ್ಬದ ವಿಷಯ ತಿಳಿದ ಉತ್ಸಾಹದಲ್ಲಿ ನಾನು ಕಾಳಾಹಾಂಡಿಯ ಹುಡುಗಿಯೊಬ್ಬಳಿಗೆ, "ನಿಮ್ಮ ದೊಡ್ಡ ಹಬ್ಬ ಅಲ್ವಾ?" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಪಶ್ಚಿಮ ಒಡಿಶಾದವರಿಗೆ ದೊಡ್ಡ ಹಬ್ಬ ನುವಾಖಾಯಿ, ಹೊಸ ಅಕ್ಕಿಯನ್ನು ದೇವರಿಗಿಟ್ಟು ಉಣ್ಣುವ ದಿನ. ಅದು ಗಣೇಶ ಚೌತಿಯ ಮರುದಿನ ಬರುತ್ತದೆ. ಊಟವಾದ ಮೇಲೆ ಹಿರಿಯರ ಕಾಲಿಗೆ ಬಿದ್ದು 'ನುವಾಖಾಯಿ ಜುಹಾರ್' ಎನ್ನುತ್ತಾರೆ. ನಮ್ಮ ಫ್ಯಾಕ್ಟರಿಯಲ್ಲಿ ಚೌತಿಗೆ ರಜೆ, ಮರುದಿನ ಎಲ್ಲರೂ ಬರಲೇಬೇಕು. ಅವಳು ಮೂರು ವರ್ಷದಿಂದ ಆ ದಿನ ಬಂದು ಪಾಕೆಟ್ ಹೊಲಿದಿದ್ದಳು. ಕೇಳಿರಲಿಲ್ಲ.

2017ರ ಆರಂಭದಲ್ಲಿ ತರಬೇತಿಯನ್ನು ಹೊಸದಾಗಿ ಶುರುಮಾಡಿದೆವು. ಪ್ರೊಡಕ್ಷನ್ ಮ್ಯಾನೇಜರ್ ಮೊದಲು ಒಪ್ಪಲಿಲ್ಲ. ನಲವತ್ತು ನಿಮಿಷ ಲೈನು ನಿಂತರೆ ಎಷ್ಟು ಪೀಸ್ ಹೋಯಿತು ಎಂದು ಕ್ಯಾಲ್ಕುಲೇಟರ್ ಒತ್ತಿ ತೋರಿಸಿದರು. ನಾನು ನನ್ನ ನೋಟ್‌ಬುಕ್ ತೆಗೆದು, ಜಗಳದ ದಿನ ನಿಂತ ಮಷೀನಿನ ಲೆಕ್ಕ ತೋರಿಸಿದೆ. ಶನಿವಾರ ನಲವತ್ತು ನಿಮಿಷ ಸಿಕ್ಕಿತು. ಮೊದಲು ಸೂಪರ್‌ವೈಸರುಗಳಿಗೆ ಎಂದು ಪಟ್ಟು ಹಿಡಿದೆ. ಇಲ್ಲಿ ನಾನು ಒಂದು ಮಾತು ಹೇಳಬೇಕು. ನಮ್ಮ ಉದ್ಯಮದಲ್ಲಿ ತರಬೇತಿ ಎಂದರೆ ಕೆಳಗೆ ಕೂತ ಹೆಂಗಸರಿಗೆ ಕೊಡುವಂಥದ್ದು ಎಂಬ ರೂಢಿಯಿದೆ. ಬೆಂಗಳೂರಿನ ಐದು ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ, ಸಂವಹನ, ಸಮಯಪಾಲನೆ, ಸಮಸ್ಯೆ ಬಿಡಿಸುವುದು ಇತ್ಯಾದಿ ಕಲಿಸುವ ಒಂದು ತರಬೇತಿಯನ್ನು ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ ನ್ಯಶಾಧಮ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದ್ದಾರೆ. ಕೆಲಸಗಾರರ ಇಳುವರಿ ಏರಿತು, ಖರ್ಚಿನ ಹಲವು ಪಟ್ಟು ಕಂಪನಿಗೆ ತರಬೇತಿ ಮುಗಿದ ಎಂಟು ತಿಂಗಳಲ್ಲೇ ಹಿಂತಿರುಗಿತು. ಕೂಲಿ ಏರಿದ್ದು ಅತ್ಯಲ್ಪ. ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಕಲಿತವಳು ಬದಲಾಗುತ್ತಾಳೆ, ಅವಳ ತಲೆಯ ಮೇಲೆ ನಿಂತವರು ಬದಲಾಗದಿದ್ದರೆ ಆ ಕಲಿಕೆಯ ಫಲ ಅವಳ ಕೈಗೆ ಬರುವುದಿಲ್ಲ.

ಮೊದಲ ಶನಿವಾರ ನಾನು ಪಾಠ ಮಾಡಲಿಲ್ಲ. ಕಾಳಾಹಾಂಡಿಯ ಆ ಹುಡುಗಿಯನ್ನೇ ಟೀಚರ್ ಮಾಡಿದೆ. ಹದಿನಾಲ್ಕು ಸೂಪರ್‌ವೈಸರುಗಳನ್ನು ಮಷೀನುಗಳ ಮುಂದೆ ಕೂರಿಸಿ, ಅವರು ಎಂದೂ ಮಾಡದ ಒಂದು ಕೆಲಸ ಕೊಟ್ಟೆವು: ಅವಳ ಊರಿನ ಬಟ್ಟೆ ಚೀಲವೊಂದರ ಬಾಯಿಗೆ ಹಾಕುವ ಮಡಿಕೆ ಹೊಲಿಗೆ. ಅವಳು ಒಡಿಯಾದಲ್ಲಿ ಮಾತ್ರ ಮಾತಾಡಬೇಕು. ಹುಡುಗಿ ಮೊದಲು ನಾಚಿಕೊಂಡಳು. ಆಮೇಲೆ, "ಏಠಿ, ಏಠಿ" ಎಂದು ಬೆರಳಿಟ್ಟು ತೋರಿಸಿದಳು. "ಸೇಮಿತಿ ನುಹೇ" ಎಂದು ತಲೆಯಾಡಿಸಿದಳು. "ಆವು ಥರೆ" ಎಂದು ಬಿಚ್ಚಿಸಿದಳು. ಹೊತ್ತು ಹೋಗುತ್ತಿದ್ದಂತೆ ಅವಳ ದನಿ ತಾನಾಗಿ ಏರತೊಡಗಿತು. ನಾಗಮಂಗಲದವರ ಹತ್ತಿರ ಬಂದು ಮೂರನೆಯ ಸಲ, "ಆವು ಥರೆ!" ಎಂದು ಸ್ವಲ್ಪ ಜೋರಾಗಿಯೇ ಹೇಳಿದಳು. ಅವರು ದಾರ ಹರಿದು, ಎದ್ದು, ಹೊರಗೆ ನಡೆದುಬಿಟ್ಟರು.

ಎಲ್ಲ ಕೆಟ್ಟಿತು ಎಂದುಕೊಂಡೆ. ಹುಡುಗಿ ಅಳುವಂತಾದಳು. ಸೋಮವಾರ ಅವರು ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತರು. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಹೋದ ವರ್ಸದ ಆ ಮಗೀನ ಪೋನ್ ನಂಬರ್ ಐತಾ ಮೇಡಂ?" ಎಂದರು. ಇದ್ದ ನಂಬರಿಗೆ ನಾನು ಅದಾಗಲೇ ಹಲವು ಸಲ ಮಾಡಿ ನೋಡಿದ್ದೆ. ಅದು ಸ್ವಿಚ್ ಆಫ್ ಆಗಿತ್ತು. ಅದನ್ನೇ ಹೇಳಿದೆ. ತಲೆಯಾಡಿಸಿ ಹೋದರು. ಮುಂದಿನ ಶನಿವಾರ ಬಂದು ಅದೇ ಚೀಲದ ಮುಂದೆ ಕೂತರು.

ಆಮೇಲಿನ ಶನಿವಾರಗಳಲ್ಲಿ ನಾವು ಮಾಡಿದ್ದು ಬಹಳ ಸರಳವಾದ ಕೆಲಸಗಳು. ಒಂದು, ಉತ್ತರ ಕೊಡುವ ಮುನ್ನ ಎದುರಿನವರು ಹೇಳಿದ್ದನ್ನು ನಮಗೆ ತಿಳಿದಂತೆ ತಿರುಗಿ ಹೇಳಿ 'ಇದೇನಾ?' ಎಂದು ಕೇಳುವುದು. ಕೇಳಲು ಹಗುರ. ಸಿಟ್ಟು ಬಂದಾಗ ಮಾಡಿ ನೋಡಿದವರಿಗೆ ಅದರ ಭಾರ ಗೊತ್ತು. ಇನ್ನೊಂದು, ಒಂದು ಬೋರ್ಡು. ಅಲ್ಲಿ ತಪ್ಪಾಗಿ ಕೇಳಿಸಿಕೊಂಡ ಮಾತುಗಳನ್ನು ಯಾರು ಬೇಕಾದರೂ ಬರೆಯಿಸಬಹುದಿತ್ತು. ಅಲ್ಲಿ ಮೊದಲು ಏರಿದ್ದು 'ಸಾಲ'. ನಮ್ಮ ಹೆಂಗಸರ ಬಾಯಲ್ಲಿ ದಿನಕ್ಕೆ ಇಪ್ಪತ್ತು ಸಲ ಬರುವ ಮಾತು ಅದು. ಸಂಘದ ಸಾಲ, ಧರ್ಮಸ್ಥಳದ ಸಾಲ, ಕೈಸಾಲ. "ಈ ಸಾಲ ತೀರೋದೇ ಇಲ್ಲ ಕಣಮ್ಮಿ" ಎಂದು ಒಬ್ಬರು ನಿಟ್ಟುಸಿರು ಬಿಟ್ಟರೆ, ಎದುರು ಕೂತ ಜಾರ್ಖಂಡಿನ ಹುಡುಗಿಗೆ ಕೇಳಿಸುತ್ತಿದ್ದದ್ದು ಹಿಂದಿಯ ಬೈಗುಳ 'ಸಾಲಾ'. ಎರಡು ವರ್ಷ ಅವಳು ಅದನ್ನು ತನಗೇ ಅಂದದ್ದೆಂದು ನುಂಗಿಕೊಂಡಿದ್ದಳು. ವಿಷಯ ಬಿಡಿಸಿ ಹೇಳಿದ ದಿನ ಆ ಟೈಲರ್ ಎದ್ದು ಹೋಗಿ ಅವಳ ಕೈ ಹಿಡಿದುಕೊಂಡು, ತನ್ನ ಸಾಲದ ಕಥೆಯನ್ನೆಲ್ಲ, ಮಗನ ಡಿಪ್ಲೊಮಾ ಫೀಸಿನಿಂದ ಶುರುಮಾಡಿ, ಕನ್ನಡದಲ್ಲೇ ಹೇಳಿದರು. ಅವಳಿಗೆ ಎಷ್ಟು ಅರ್ಥವಾಯಿತೋ, ಕಣ್ಣು ತುಂಬಿಕೊಂಡು ಕೇಳಿದಳು. ಒಡಿಯಾದಲ್ಲಿ ಅಕ್ಕನಿಗೆ 'ಅಪಾ' ಎನ್ನುತ್ತಾರೆ ಎಂಬುದೂ ಬೋರ್ಡಿಗೆ ಬಂತು. "ನಾನೇನು ನಿಮ್ಮಪ್ಪನೇನಮ್ಮಿ" ಎಂದು ರೇಗುತ್ತಿದ್ದವರು ಆ ಹೆಸರಿಗೆ ಓಗೊಡತೊಡಗಿದರು.

ಎಲ್ಲವೂ ತಪ್ಪಾಗಿ ಕೇಳಿಸಿಕೊಂಡದ್ದಾಗಿರಲಿಲ್ಲ. ಅದನ್ನು ಹೇಳದಿದ್ದರೆ ನಾನು ಅನ್ಯಾಯ ಮಾಡಿದಂತೆ. ಒಬ್ಬ ಸೂಪರ್‌ವೈಸರ್ ಹುಡುಗಿಯರ ಮೈಯನ್ನು ಆಡಿಕೊಂಡು ಹೊಲಸು ಮಾತು ಬಳಸುತ್ತಿದ್ದ. ಕೇಳಿದರೆ, "ನಮ್ಮ ಕಡೆ ಮಾತೇ ಹಂಗೆ ಮೇಡಂ, ಇವರಿಗೆ ಗೊತ್ತಾಗಲ್ಲ" ಎಂದ. ಅದೇ ಊರಿನ ಮೂವರು ಹೆಂಗಸರನ್ನು ಕರೆದು ಕೇಳಿದೆ. "ನಮ್ಮ ಕಡೆ ಹಂಗಂದ್ರೆ ಎಕ್ಕಡ ಬೀಳ್ತದೆ" ಎಂದರು. ಆ ವಿಷಯವನ್ನು ನಾನು ಶನಿವಾರದ ಪಾಠಕ್ಕೆ ತರಲಿಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ರಚನೆಯಾದ ಆಂತರಿಕ ಸಮಿತಿಗೆ ಹುಡುಗಿಯಿಂದ ದೂರು ಬರೆಯಿಸಿದೆ, ಈ ಸಲ ಒಡಿಯಾದಲ್ಲಿ, ಅವಳದೇ ಅಕ್ಷರದಲ್ಲಿ. ಅದರ ಅನುವಾದ ಮಾಡಿಸಿ ಜೊತೆಗಿಟ್ಟೆ. ಅವನು ಕೆಲಸ ಬಿಡಬೇಕಾಯಿತು. ಊರಿನ ರೀತಿ ಎಂದು ಹೇಳಿಕೊಂಡು ಬರುವ ಪ್ರತಿಯೊಂದನ್ನೂ ತಾಳ್ಮೆಯಿಂದ ಅರ್ಥಮಾಡಿಕೊಳ್ಳಿ ಎಂದು ಕಲಿಸುವ ತರಬೇತಿಗಳನ್ನು ನಾನು ನೋಡಿದ್ದೇನೆ. ಆ ತಾಳ್ಮೆಯ ಬೆಲೆಯನ್ನು ಯಾವಾಗಲೂ ಕೆಳಗಿನವಳೇ ಕಟ್ಟುತ್ತಾಳೆ.

ಉಳಿದದ್ದು ರಜೆಯ ಪ್ರಶ್ನೆ. ಅದನ್ನು ಮಾತಿನಿಂದ ಬಗೆಹರಿಸಲು ಬರುವಂತಿರಲಿಲ್ಲ. ನಮ್ಮ ರಾಜ್ಯದಲ್ಲಿ ಕಾರ್ಖಾನೆಗಳಿಗೆ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜಾ ದಿನಗಳ ಕಾಯ್ದೆಯಿದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಇವು ಐದು. ಇವುಗಳ ಮೇಲೆ ಐದು ಹಬ್ಬದ ರಜೆಗಳು. ಹಬ್ಬ ಯಾವುವು ಎಂಬುದು ಕಾರ್ಮಿಕರನ್ನು ಕೇಳಿ ತೀರ್ಮಾನವಾಗಬೇಕು. ನಮ್ಮಲ್ಲಿ ಕೇಳುತ್ತಿದ್ದದ್ದು ವರ್ಕ್ಸ್ ಕಮಿಟಿಯನ್ನು. ಅದರಲ್ಲಿ ಹೊರ ರಾಜ್ಯದ ಒಬ್ಬಳೂ ಇರಲಿಲ್ಲ. ನಿಲ್ಲಬಾರದೆಂದು ಯಾರೂ ತಡೆದಿರಲಿಲ್ಲ, ನಿಲ್ಲಬಹುದೆಂದು ಯಾರೂ ಹೇಳಿಯೂ ಇರಲಿಲ್ಲ. ಚುನಾವಣೆಯ ನೋಟಿಸ್ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಇರುತ್ತಿತ್ತು.

ಈ ಹೊತ್ತಿನಲ್ಲಿ ನನಗೆ ನೆನಪಾದದ್ದು ಎಂಎಸ್‌ಡಬ್ಲ್ಯು ಓದುವಾಗ ಪಾಠದಲ್ಲಿದ್ದ ಮೇರಿ ಪಾರ್ಕರ್ ಫಾಲೆಟ್. 1925ರ ಒಂದು ಉಪನ್ಯಾಸದಲ್ಲಿ ಆಕೆ ಹಾರ್ವರ್ಡ್ ಗ್ರಂಥಾಲಯದ ಚಿಕ್ಕ ಕೋಣೆಯೊಂದರ ಘಟನೆ ಹೇಳುತ್ತಾರೆ. ಒಬ್ಬರಿಗೆ ಕಿಟಕಿ ತೆರೆಯಬೇಕು, ಫಾಲೆಟ್‌ಗೆ ಮುಚ್ಚಿರಬೇಕು. ಕೊನೆಗೆ ಯಾರೂ ಕೂತಿರದ ಪಕ್ಕದ ಕೋಣೆಯ ಕಿಟಕಿ ತೆರೆದರು. ಒಬ್ಬರಿಗೆ ಬೇಕಿದ್ದದ್ದು ಗಾಳಿ, ಇನ್ನೊಬ್ಬರಿಗೆ ಬೇಡವಾಗಿದ್ದದ್ದು ನೇರವಾಗಿ ಮೈಮೇಲೆ ಬೀಸುವ ಬಡಗಣ ಗಾಳಿ. ನಾವೂ ಹಾಗೆಯೇ ಕೇಳುತ್ತ ಹೋದೆವು. ಕರಾವಳಿ ಒಡಿಶಾದವರಿಗೆ ಮೂರೂ ದಿನ ಬೇಕೆ? ಬೇಡ, ಮೊದಲ ದಿನ ಸಾಕು. ಆ ದಿನ ಕತ್ತರಿ, ಸೂಜಿ ಮುಟ್ಟದಿದ್ದರೆ ಸಾಕು. ಸೂಪರ್‌ವೈಸರುಗಳಿಗೆ ಬೇಕಿದ್ದದ್ದು ಯಾರೂ ರಜೆ ಹಾಕಬಾರದೆಂದೇ? ಅಲ್ಲ, ಬೆಳಿಗ್ಗೆ ಬಂದು ನೋಡಿದಾಗ ಖಾಲಿ ಮಷೀನು ಕಾಣಬಾರದು. ಮೊದಲೇ ಗೊತ್ತಿದ್ದರೆ ಬೇರೆಯವರನ್ನು ಕೂರಿಸಬಹುದು. ಕಾಳಾಹಾಂಡಿಯವರು ಜೂನಿನಲ್ಲಿ ಬರುತ್ತಾರೆ, ಚೌತಿಯ ಮರುದಿನ ಬೇರೆಯವರು ಬರುತ್ತಾರೆ. ನಮ್ಮ ಹೆಂಗಸರಿಗೆ ಊರ ಹಬ್ಬ, ಮಾರಮ್ಮನ ಹಬ್ಬಕ್ಕೂ ಇದೇ ಲೆಕ್ಕ ಹಾಕಿ ಎಂದು ಅವರೂ ಕೇಳಿದರು. ಕೇಳಿದ್ದು ನ್ಯಾಯವಾಗಿತ್ತು. ಪಟ್ಟಿಯ ಐದು ರಜೆಗಳ ಹೊರಗೆ ವರ್ಷಕ್ಕೊಂದು ದಿನ, ಅವರವರ ಹಬ್ಬಕ್ಕೆ, ಒಂದು ತಿಂಗಳು ಮೊದಲು ಹೇಳಿ ತೆಗೆದುಕೊಳ್ಳಬಹುದು ಎಂದಾಯಿತು. ಮುಂದಿನ ವರ್ಕ್ಸ್ ಕಮಿಟಿಯ ನೋಟಿಸ್ ನಾಲ್ಕು ಭಾಷೆಯಲ್ಲಿ ಅಂಟಿತು. ಒಡಿಯಾದ ಸಾಲುಗಳನ್ನು ಬರೆದವಳು ಆ ಟೀಚರ್ ಹುಡುಗಿ, ನಿಂತು ಗೆದ್ದವಳೂ ಅವಳೇ. ಅವಳಿಗೆ ನಮ್ಮ ಕನ್ನಡದ ಹೆಂಗಸರೂ ಓಟು ಹಾಕಿದ್ದರು.

ಟಾರ್ಗೆಟ್ ಮಾತ್ರ ಇಳಿಯಲಿಲ್ಲ. ಸಂಜೆಯ ಕೊನೆಯ ಗಂಟೆಯ ಜಗಳಗಳೂ ಪೂರ್ತಿ ನಿಲ್ಲಲಿಲ್ಲ. ನೋಟ್‌ಬುಕ್ ಹಿಡಿದುಕೊಂಡು ನಾನು ಆ ವಿಷಯಕ್ಕೆ ಮೂರು ಸಲ ಮೇಲಿನವರ ಹತ್ತಿರ ಹೋದೆ, ಮೂರು ಸಲವೂ ಬರಿಗೈಯಲ್ಲಿ ಬಂದೆ. ಆ ಸೋಲು ನನ್ನಲ್ಲಿ ಈಗಲೂ ಇದೆ. ಕೇಂದ್ರಾಪಾಡದ ಹುಡುಗಿಯ ಫೈಲಿನಿಂದ ಆ ಕ್ಷಮಾಪಣೆ ಪತ್ರವನ್ನು ತೆಗೆಯಲು ಅನುಮತಿ ಕೇಳಿದೆ. ದಾಖಲೆ ತೆಗೆಯುವಂತಿಲ್ಲ ಎಂದರು. ಅದರ ಹಿಂದೆ ಇನ್ನೊಂದು ಹಾಳೆ ಸೇರಿಸಿ, ಅಂದು ನಡೆದದ್ದೇನು, ಅವಳು ಹೇಳಿದ ಮಾತಿನ ಅರ್ಥವೇನು, ತಪ್ಪು ಯಾರದು ಎಂದು ಬರೆದು ನನ್ನ ಸಹಿ ಹಾಕಿದೆ.

2018ರ ಮೇ ಕೊನೆಯಲ್ಲಿ ಒಂದು ಮಧ್ಯಾಹ್ನ ನಾಗಮಂಗಲದವರು ಕೈಯಲ್ಲಿ ಒಂದು ಚೀಟಿ ಹಿಡಿದು ಬಂದರು. ಕಾಲರ್ ಮಷೀನಿನಲ್ಲಿ ಆಗ ಭದ್ರಕದ ಹುಡುಗಿಯೊಬ್ಬಳಿದ್ದಳು.

"ಮೇಡಂ, ನಮ್ಮ ಕಾಲರ್ ಮಗು ಜೂನ್ ಹದಿನಾಲ್ಕಕ್ಕೆ ಬರಾಕಿಲ್ಲ. ರೊಜೊ" ಎಂದರು. ಆ ಮಾತನ್ನು ಅವರು ಅವಳಂತೆಯೇ ಹೇಳಲು ಸ್ವಲ್ಪ ಕಷ್ಟಪಟ್ಟರು. "ಅವತ್ತು ಕಾಲರ್‌ಗೆ ಯಾರ್ನ ಕೂರುಸ್ಲಿ?"

ನಾವಿಬ್ಬರೂ ರಿಜಿಸ್ಟರ್ ತೆಗೆದೆವು. ಪಾಕೆಟ್ ಹೊಲಿಯುವ ಕಾಳಾಹಾಂಡಿಯವಳಿಗೆ ಕಾಲರ್ ಬರುತ್ತದೆ ಎಂದರು ಅವರು. ಅವಳ ಹೆಸರಿನ ಮುಂದೆ ಜೂನ್ 14 ಎಂದು ಬರೆದುಕೊಂಡು, ಹಾಗೆಯೇ ಸೆಪ್ಟೆಂಬರಿನ ಪುಟ ತಿರುಗಿಸಿ ಚೌತಿ ಯಾವತ್ತು ಬರುತ್ತದೆ ಎಂದು ನೋಡತೊಡಗಿದರು.